ಬೈಸಿಕೊಂಡವರಿಗೇ ಬುದ್ಧಿವಾದ

"ಆನೆ ಹೋಗ್ತಾ ಇದ್ರೆ ನಾಯಿ ಬೊಗಳುತ್ತೆ, ಬಿಡಿ." "ಕೊಚ್ಚೆಗೆ ಕಲ್ಲು ಹಾಕಿದ್ರೆ ನಮ್ಮ ಮೈಗೇ ಸಿಡಿಯೋದು." "ಉತ್ತರ ಕೊಟ್ಟಷ್ಟೂ ಅವರಿಗೆ ಹುರುಪು, ಸುಮ್ನಿದ್ಬಿಡಿ." ಫೇಸ್‌ಬುಕ್ಕಿನ ಚರ್ಚೆಯಲ್ಲೋ ವಾಟ್ಸಾಪ್ ಗುಂಪಿನಲ್ಲೋ ಯಾರಾದರೂ ಬೈಸಿಕೊಂಡ ಸ್ವಲ್ಪ ಹೊತ್ತಿಗೆಲ್ಲ ಅವರಿಗೆ ಇಂಥ ಮಾತುಗಳು ಬಂದು ಮುಟ್ಟುತ್ತವೆ. ಹೇಳುವವರು ಕೆಟ್ಟವರಲ್ಲ, ಬಹಳ ಮಟ್ಟಿಗೆ ಹಿತೈಷಿಗಳೇ. ಇಂಗ್ಲಿಷ್ ಬಲ್ಲ ಜಗತ್ತಿನಲ್ಲೂ ಇದೇ ಉಪದೇಶ ಇಂಟರ್ನೆಟ್ಟಿನ ಬಾಲ್ಯದಿಂದ ನಡೆದುಬಂದಿದೆ: ಟ್ರೋಲ್‌ಗಳಿಗೆ ಮೇವು ಹಾಕಬೇಡಿ, ಹಸಿದು ತಾವೇ ಹೋಗುತ್ತಾರೆ. ಇಷ್ಟು ಜನ ಇಷ್ಟು ಕಾಲದಿಂದ ಒಪ್ಪಿಕೊಂಡು ಬಂದಿರುವ ಈ ಸಲಹೆ ತಪ್ಪು ಎಂಬುದು ನನ್ನ ವಾದ. ಅದರಿಂದ ಉಪಯೋಗವಿಲ್ಲ, ಅದರಲ್ಲಿ ನ್ಯಾಯವೂ ಇಲ್ಲ. ಬೈದವನಿಗೆ ಹೇಳಬೇಕಾದ್ದನ್ನು ಅದು ಬೈಸಿಕೊಂಡವರಿಗೆ ಹೇಳುತ್ತದೆ. ಸಾವಿರಾರು ಜನರಿರುವ ಗುಂಪು ಮಾಡಬೇಕಾದ ಕೆಲಸವನ್ನು ಒಬ್ಬರ ತಾಳ್ಮೆಯ ತಲೆಗೆ ಕಟ್ಟುತ್ತದೆ.

ಇದು ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಬೇಕು. ಪುಸ್ತಕಗಳ ಬಗ್ಗೆ ಮಾತಾಡುವ ಕನ್ನಡ ಗುಂಪು. ಹೈಸ್ಕೂಲಿನ ಟೀಚರ್ ಒಬ್ಬರು ಹೆಸರಾಂತ ಕಾದಂಬರಿಯೊಂದರ ಬಗ್ಗೆ ನಾಲ್ಕು ಪ್ಯಾರಾ ಬರೆದಿದ್ದಾರೆ. ಅದರಲ್ಲಿ ಬರುವ ಹೆಂಗಸರಿಗೆ ತಮ್ಮದೇ ಆದ ಒಳಬದುಕಿಲ್ಲ, ಎಲ್ಲರೂ ನಾಯಕನ ಸಂಕಟವನ್ನು ತೋರಿಸಲಿಕ್ಕೆ ಬಂದು ಹೋಗುವವರು ಎಂಬುದು ಅವರ ಆಕ್ಷೇಪ. ಎರಡು ಸನ್ನಿವೇಶಗಳನ್ನು ಎತ್ತಿ ತೋರಿಸಿಯೂ ಇದ್ದಾರೆ. ಮೊದಲ ಕಾಮೆಂಟು ಭಿನ್ನಾಭಿಪ್ರಾಯದ್ದು, ಸಭ್ಯವಾಗಿಯೇ ಇದೆ. ಎರಡನೆಯದು, "ಮೇಡಂ, ನೀವು ಪುಸ್ತಕ ಪೂರ್ತಿ ಓದಿದ ಹಾಗೆ ಕಾಣೋದಿಲ್ಲ." ಮೂರನೆಯದರಲ್ಲಿ ಬಹುವಚನ ಕಳಚಿಬೀಳುತ್ತದೆ: "ಅಂಥವರ ಬಗ್ಗೆ ಬರೆಯೋಕೆ ನಿನಗೇನು ಯೋಗ್ಯತೆ ಇದೆ? ಮೊದಲು ಒತ್ತಕ್ಷರ ಸರಿಯಾಗಿ ಹಾಕೋದು ಕಲಿ." ಅದಕ್ಕೆ ನಗುವ ಇಮೋಜಿಗಳ ಸಾಲು. ಅಲ್ಲಿಂದ ಮುಂದೆ ಬರುವವರಿಗೆ ಕಾದಂಬರಿಯ ಗೊಡವೆಯೇ ಇಲ್ಲ. ಟೀಚರ್‌ ಪ್ರೊಫೈಲಿಗೆ ಹೋಗಿ ಫೋಟೋ ನೋಡಿ ಬಂದು ಬರೆಯುತ್ತಾರೆ. ಹಣೆಯಲ್ಲಿ ಕುಂಕುಮ ಯಾಕಿಲ್ಲ, ಗಂಡ ಏನು ಮಾಡುತ್ತಿದ್ದಾನೆ, ಹೆಸರು ನೋಡಿದರೇ ತಿಳಿಯುತ್ತದೆ ಯಾವ ಪೈಕಿ ಎಂದು, ಇವಳ ಕೈಕೆಳಗೆ ಓದುವ ಮಕ್ಕಳ ಗತಿಯೇನು. ರಾತ್ರಿಯಾಗುವ ಹೊತ್ತಿಗೆ ಒಬ್ಬ ಅವರು ಕೆಲಸ ಮಾಡುವ ಶಾಲೆಯ ಹೆಸರನ್ನೂ ಹುಡುಕಿ ತಂದು ಹಾಕುತ್ತಾನೆ.

ಇಷ್ಟೂ ಹೊತ್ತು ಗುಂಪಿನ ನೂರಾರು ಜನ ಓದುತ್ತಲೇ ಇದ್ದರು. ಟೀಚರಿಗೆ ಸಮಾಧಾನದ ಸಂದೇಶಗಳು ಬಂದವು, ಎಲ್ಲವೂ ಖಾಸಗಿಯಾಗಿ. ಬೆಳಿಗ್ಗೆ ಅಡ್ಮಿನ್ "ಅನಗತ್ಯ ವಿವಾದ ಬೇಡ" ಎಂದು ಇಡೀ ಪೋಸ್ಟನ್ನೇ ತೆಗೆದುಹಾಕಿದರು. ಬೈಗುಳದ ಜೊತೆಗೆ ಆ ನಾಲ್ಕು ಪ್ಯಾರಾವೂ ಹೋಯಿತು. ಅವರು ಮತ್ತೆ ಆ ಗುಂಪಿನಲ್ಲಿ ಬರೆಯಲಿಲ್ಲ. ಏಕವಚನಕ್ಕಿಳಿದವನು ಮರುವಾರ ಇನ್ನೊಬ್ಬರ ಕವಿತೆಯ ಕೆಳಗೆ ಹಾಜರಿದ್ದ. ಕನ್ನಡದ ಗುಂಪುಗಳಲ್ಲಿ ಓಡಾಡುವ ಯಾರಿಗೂ ಇದು ಹೊಸ ಕತೆಯಲ್ಲ. ಹೆಸರು, ಊರು, ಪುಸ್ತಕ ಬದಲಾಗುತ್ತವೆ, ನಡೆಯುವ ಕ್ರಮ ಮಾತ್ರ ಇದೇ.

ಈಗ ಹೇಳಿ, ಸುಮ್ಮನಿದ್ದದ್ದರಿಂದ ಯಾರು ತಣ್ಣಗಾದರು? ಆ ಟೀಚರ್ ಒಂದು ಮಾತನ್ನೂ ತಿರುಗಿ ಆಡಲಿಲ್ಲ. ಹಿತೈಷಿಗಳು ಹೇಳಿದ್ದನ್ನು ಅಕ್ಷರಶಃ ಪಾಲಿಸಿದರು. ಆದರೂ ಬೈಗುಳ ಬೆಳೆಯಿತು, ಯಾಕೆಂದರೆ ಬೈಯುವವನಿಗೆ ಅವರ ಉತ್ತರ ಬೇಕಾಗಿಯೇ ಇರಲಿಲ್ಲ. ಬೇಕಾಗಿದ್ದದ್ದು ನೋಡುವ ಜನ, ನಗುವ ಇಮೋಜಿ, ತಾನು ಬರೆದದ್ದನ್ನು ಯಾರೂ ಮುಟ್ಟುವುದಿಲ್ಲ ಎಂಬ ಧೈರ್ಯ. ಈ ಮೂರನ್ನೂ ಗುಂಪು ಧಾರಾಳವಾಗಿ ಕೊಟ್ಟಿತು. ಮೇವು ಹಾಕಿದ್ದು ಯಾರು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಆದರೆ ಮೇವು ಹಾಕಬೇಡಿ ಎಂದು ನಾವು ಹೇಳುತ್ತಿರುವುದು ಟೀಚರಿಗೆ.

ಈ ವಾದ ಮೊದಲ ಸಲ ನಡೆಯುತ್ತಿರುವುದೂ ಅಲ್ಲ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದ ಕಂಪ್ಯೂಟರಿನಲ್ಲಿ ಲ್ಯಾಂಬ್ಡಾಮೂ ಎಂಬ ಆನ್‌ಲೈನ್ ಲೋಕವೊಂದಿತ್ತು. ಪಾವೆಲ್ ಕರ್ಟಿಸ್ ಕಟ್ಟಿದ್ದು. ಚಿತ್ರವಿಲ್ಲ, ಧ್ವನಿಯಿಲ್ಲ, ಎಲ್ಲವೂ ಅಕ್ಷರ. ಜನ ತಮಗೊಂದು ಪಾತ್ರ ಕಟ್ಟಿಕೊಂಡು, ಅಲ್ಲಿನ ಕೋಣೆಗಳಲ್ಲಿ ಸೇರಿ ಹರಟುತ್ತಿದ್ದರು. 1993ರಲ್ಲಿ ಮಿಸ್ಟರ್ ಬಂಗಲ್ ಎಂಬ ಹೆಸರಿನವನೊಬ್ಬ ಒಂದು ಪ್ರೋಗ್ರಾಂ ಬಳಸಿ ಬೇರೆಯವರ ಪಾತ್ರಗಳೇ ಹೇಸಿಗೆಯ ಲೈಂಗಿಕ ಕೃತ್ಯಗಳನ್ನು ಮಾಡುತ್ತಿರುವಂತೆ ತುಂಬಿದ ಕೋಣೆಯಲ್ಲಿ ವಾಕ್ಯಗಳನ್ನು ಹರಿಯಬಿಟ್ಟ. ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತ ಆ ವರ್ಷದ ಡಿಸೆಂಬರಿನಲ್ಲಿ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಇದರ ವಿವರವಾದ ವರದಿ ಬರೆದರು. ಹಾಗೆ ಗುರಿಯಾದ ಒಂದು ಪಾತ್ರದ ಹಿಂದಿದ್ದವರು ಸಿಯಾಟಲ್‌ನ ಒಬ್ಬ ಮಹಿಳೆ. ಮರುದಿನ ಆಕೆ ಎಲ್ಲರೂ ಓದುವ ಜಾಗದಲ್ಲಿ ತನ್ನ ದೂರು ಬರೆದರು. ಬರೆಯುವಾಗ ಕಣ್ಣೀರು ಸುರಿಯುತ್ತಿತ್ತು ಎಂದು ಆಮೇಲೆ ಡಿಬೆಲ್‌ಗೆ ಹೇಳಿದರು.

ಆಗ ಅಲ್ಲಿನ ಕೆಲವರು ಕೊಟ್ಟ ಸಲಹೆ ನಮ್ಮ ಇವತ್ತಿನದೇ. ಲ್ಯಾಂಬ್ಡಾಮೂನಲ್ಲಿ ಒಂದು ಆಜ್ಞೆ ಟೈಪ್ ಮಾಡಿದರೆ ಬೇಡದವನ ಮಾತು ನಮಗೆ ಕಾಣದಂತೆ ಮಾಡಿಕೊಳ್ಳಬಹುದಿತ್ತು, ನಮ್ಮ ಬ್ಲಾಕ್ ಬಟನ್ನಿನ ಹಾಗೆ. ಅದನ್ನು ಒತ್ತಿ ಮುಂದೆ ಹೋಗಬಾರದೇ ಎಂದರು. ಅದಕ್ಕೆ ಅಲ್ಲಿಯೇ ಸಿಕ್ಕ ಉತ್ತರ ಮೂವತ್ತು ವರ್ಷಗಳಾದರೂ ಸವೆದಿಲ್ಲ: ನನಗೆ ಕಾಣದಿದ್ದರೂ ಕೋಣೆಯಲ್ಲಿರುವ ಉಳಿದವರಿಗೆಲ್ಲ ಕಾಣುತ್ತದಲ್ಲ? ನನ್ನ ಹೆಸರು ಹಿಡಿದು, ನನ್ನ ಬಗ್ಗೆ, ನನ್ನ ಪರಿಚಯದವರ ಎದುರಿಗೇ ನಡೆಯುತ್ತಿರುವ ಅವಮಾನಕ್ಕೆ ನಾನೊಬ್ಬಳು ಕಣ್ಣು ಮುಚ್ಚಿಕೊಂಡರೆ ಅದು ನಿಲ್ಲುತ್ತದೆಯೇ? ಬ್ಲಾಕ್ ಮಾಡುವುದೆಂದರೆ ಅಷ್ಟೇ. ಟೀಚರ್ ಆ ಮನುಷ್ಯನನ್ನು ಬ್ಲಾಕ್ ಮಾಡಿದರೆ ಅವರ ಶಾಲೆಯ ಹೆಸರು ಗುಂಪಿನ ಉಳಿದೆಲ್ಲರ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ವ್ಯತ್ಯಾಸವೆಂದರೆ, ತಮ್ಮ ಬಗ್ಗೆ ಇನ್ನೇನು ಬರೆಯುತ್ತಿದ್ದಾರೆ ಎಂಬುದು ಅವರಿಗೊಬ್ಬರಿಗೆ ತಿಳಿಯುವುದಿಲ್ಲ.

ಲ್ಯಾಂಬ್ಡಾಮೂ ಜನ ಸಭೆ ಸೇರಿದರು, ಗಂಟೆಗಟ್ಟಲೆ ವಾದಿಸಿದರು, ಒಮ್ಮತಕ್ಕೆ ಬರಲಾಗಲಿಲ್ಲ. ಕೊನೆಗೆ ಅಧಿಕಾರವಿದ್ದ ಒಬ್ಬಾತ ತಾನೇ ನಿರ್ಧರಿಸಿ ಬಂಗಲ್‌ನ ಖಾತೆಯನ್ನು ಅಳಿಸಿದ. ಆಮೇಲೆ ಕರ್ಟಿಸ್ ಸದಸ್ಯರೇ ಅರ್ಜಿ ಹಾಕಿ ಮತ ಚಲಾಯಿಸಿ ನಿಯಮ ಮಾಡಿಕೊಳ್ಳುವ ವ್ಯವಸ್ಥೆ ತಂದರು. ಅದು ಪರಿಪೂರ್ಣವಾಗಿತ್ತು ಎಂದು ನಾನು ಹೇಳುವುದಿಲ್ಲ. ಇದು ನಿನ್ನ ತಾಪತ್ರಯ, ನೀನೇ ನೋಡಿಕೋ ಎಂದು ಆ ಮಹಿಳೆಗೆ ಹೇಳಿ ಕೈತೊಳೆದುಕೊಳ್ಳಲಿಲ್ಲ ಎಂಬುದಷ್ಟೇ ನನಗೆ ಮುಖ್ಯ.

ಸುಮ್ಮನಿರಿ ಎನ್ನುವವರ ಮನಸ್ಸಿನಲ್ಲಿ ಒಂದು ಚಿತ್ರವಿದೆ. ಟ್ರೋಲ್ ಎಂದರೆ ಬೇರೆಯೇ ಜಾತಿಯ ಪ್ರಾಣಿ, ಎಲ್ಲೋ ಕತ್ತಲಲ್ಲಿ ಕೂತ ವಿಕೃತ, ಅಂಥವರು ಬೆರಳೆಣಿಕೆ, ನಾವು ಸಭ್ಯರು ಬೇರೆ. ಈ ಚಿತ್ರ ಸುಳ್ಳು. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಸಾಧಾರಣ ಜನರನ್ನು ಆರಿಸಿ, ಅರ್ಧದಷ್ಟು ಮಂದಿಗೆ ಕಷ್ಟದ ಪರೀಕ್ಷೆ ಕೊಟ್ಟು ಮನಸ್ಸು ಕೆಡಿಸಿದರು, ಉಳಿದವರಿಗೆ ಸುಲಭದ್ದು ಕೊಟ್ಟರು. ಆಮೇಲೆ ಒಂದು ಲೇಖನ ಓದಿ ಕಾಮೆಂಟು ಬರೆಯಲು ಹೇಳಿದರು. ಕೆಲವರಿಗೆ ಕಾಣುವ ಮೊದಲ ಮೂರು ಕಾಮೆಂಟುಗಳು ಹೀನಾಯವಾಗಿದ್ದವು, ಉಳಿದವರಿಗೆ ಸಾಮಾನ್ಯವಾಗಿದ್ದವು. ಮನಸ್ಸೂ ಸರಿಯಿದ್ದು ಕಂಡ ಕಾಮೆಂಟುಗಳೂ ಸರಿಯಿದ್ದಲ್ಲಿ ಬಂದ ಕಾಮೆಂಟುಗಳ ಪೈಕಿ 35 ಶೇಕಡಾ ಟ್ರೋಲ್ ಮಾದರಿಯವು. ಮನಸ್ಸೂ ಕೆಟ್ಟು ಕಣ್ಣಿಗೆ ಬಿದ್ದದ್ದೂ ಕೆಟ್ಟದ್ದಾದಾಗ ಅದು 68 ಶೇಕಡಾ. ಜನ ಅದೇ ಥರದವರು, ಲೇಖನ ಅದೇ. ತಮಗಿಂತ ಮುಂಚೆ ಬಂದವರು ಏನು ಬರೆದು ದಕ್ಕಿಸಿಕೊಂಡಿದ್ದಾರೆ ಎಂದು ನೋಡಿ ಜನ ತಮ್ಮ ಮಾತಿನ ಮಟ್ಟವನ್ನು ಗೊತ್ತುಮಾಡಿಕೊಳ್ಳುತ್ತಾರೆ.

ಮೂರನೆಯ ಕಾಮೆಂಟನ್ನು ಮುಟ್ಟದೆ ಬಿಟ್ಟ ಅಡ್ಮಿನ್ ತಾನು ತಟಸ್ಥನಾಗಿದ್ದೆ ಎಂದುಕೊಳ್ಳುತ್ತಾರೆ. ಆದರೆ ಆ ಮೌನವನ್ನು ನಾಲ್ಕನೆಯವನು, ಐದನೆಯವನು ಓದಿಕೊಂಡದ್ದು ಬೇರೆ ರೀತಿ. ಇಲ್ಲಿ ಇದು ನಡೆಯುತ್ತದೆ ಎಂದು ಓದಿಕೊಂಡರು. ಬೆಳಿಗ್ಗೆ ಆಫೀಸಿನಲ್ಲಿ ಬೈಸಿಕೊಂಡು, ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ಮನೆಗೆ ಬಂದ ಬ್ಯಾಂಕ್ ನೌಕರನೋ ಇಂಜಿನಿಯರೋ, ಇನ್ನೊಂದು ದಿನ ಇನ್ನೊಂದು ಗುಂಪಿನಲ್ಲಿ ಸಭ್ಯನಾಗಿಯೇ ಇರುತ್ತಿದ್ದವನು, ಇಲ್ಲಿ ಆ ಟೀಚರ್ ಗಂಡನ ವಿಚಾರ ಎತ್ತುತ್ತಾನೆ. ಅವನ ಪ್ರೊಫೈಲಿನಲ್ಲಿ ಮೊಮ್ಮಗಳ ನಾಮಕರಣದ ಫೋಟೋ ಇರುತ್ತದೆ.

ಈ ಫೋಟೋದ ವಿಚಾರ ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಮುಖ ಮರೆಸಿಕೊಳ್ಳಲು ಬಿಡುವುದೇ ಎಲ್ಲ ಕೇಡಿನ ಮೂಲ, ಎಲ್ಲರೂ ಗುರುತಿನ ಚೀಟಿ ತೋರಿಸಿ ಒಳಬರಲಿ ಎನ್ನುವವರು ಸುಮ್ಮನಿರಿ ಪಂಗಡದ ಅಣ್ಣತಮ್ಮಂದಿರು. ಅವರಿಗೂ ಗುಂಪಿನ ಹೊಣೆ ಬೇಕಿಲ್ಲ, ಅದನ್ನು ಸರ್ಕಾರ ಹೊರಲಿ ಎಂದು ಆಸೆ. ದಕ್ಷಿಣ ಕೊರಿಯಾ ಇದನ್ನು 2007ರಲ್ಲಿ ಕಾನೂನೇ ಮಾಡಿ ನೋಡಿತು. ದೊಡ್ಡ ಜಾಲತಾಣಗಳಲ್ಲಿ ಬರೆಯಬೇಕಾದರೆ ನಿಜಗುರುತು ಕಡ್ಡಾಯ. 2011ರಲ್ಲಿ ಅಲ್ಲಿನ ಎರಡು ಪ್ರಸಿದ್ಧ ತಾಣಗಳಿಂದ ಮೂರೂವರೆ ಕೋಟಿ ಬಳಕೆದಾರರ ವಿವರ ಕಳುವಾಯಿತು. 2012ರ ಆಗಸ್ಟಿನಲ್ಲಿ ದೇಶದ ಸಾಂವಿಧಾನಿಕ ನ್ಯಾಯಾಲಯ ಆ ನಿಯಮವನ್ನು ಸರ್ವಾನುಮತದಿಂದ ರದ್ದು ಮಾಡಿತು. ನಮ್ಮಲ್ಲಂತೂ ಸ್ವಂತ ಹೆಸರು, ಊರು, ಹುದ್ದೆ, ಮದುವೆ ಫೋಟೋ ಎಲ್ಲವನ್ನೂ ಹಾಕಿಕೊಂಡೇ ಜನ ಬೈಯುತ್ತಿದ್ದಾರೆ. ನಾಚಿಕೆ ಹುಟ್ಟಬೇಕಾದರೆ ಸುತ್ತಲಿನವರು ಅದನ್ನು ನಾಚಿಕೆಗೇಡು ಎಂದು ಕಾಣಬೇಕು.

ಸುಮ್ಮನಿರಿ ಎನ್ನುವವರ ಕೈಯಲ್ಲಿ ಒಂದು ಗಟ್ಟಿ ವಾದವಿದೆ, ಅದನ್ನು ದಾಟಿಕೊಂಡು ಹೋಗುವುದು ಸರಿಯಲ್ಲ. 2017ರ ಆ ಪ್ರಯೋಗ ನಡೆಸಿದ ತಂಡದ ಕೆಲವರು 2014ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದ್ದರು. ಓದುಗರಿಂದ ಕೆಳಮುಖ ಹೆಬ್ಬೆರಳು ಪಡೆದವರು ಸುಧಾರಿಸುವುದಿಲ್ಲ, ಮುಂದೆ ಇನ್ನೂ ಹೆಚ್ಚು ಬರೆಯುತ್ತಾರೆ, ಇನ್ನೂ ಕಳಪೆಯಾಗಿ ಬರೆಯುತ್ತಾರೆ, ಬೇರೆಯವರಿಗೂ ಹೆಬ್ಬೆರಳು ಕೆಳಗೆ ಮಾಡುತ್ತಾರೆ ಎಂದು ಅದರಲ್ಲಿ ಕಂಡುಬಂತು. ಯಾವ ಪ್ರತಿಕ್ರಿಯೆಯೂ ಸಿಗದವರು ಗುಂಪು ಬಿಟ್ಟು ಹೋಗುವ ಸಾಧ್ಯತೆ ಹೆಚ್ಚು. ನೋಡಿ, ಅಲಕ್ಷ್ಯವೇ ಮದ್ದು ಎಂದು ಸಾಬೀತಾಯಿತಲ್ಲ ಎನ್ನಬಹುದು.

ಆದರೆ ಅಲ್ಲಿ ಕೆಲಸ ಮಾಡಿದ್ದು ಯಾವ ಅಲಕ್ಷ್ಯ? ಇಡೀ ಸಮುದಾಯದ್ದು. ಒಬ್ಬರೂ ನಗದಿದ್ದರೆ, ಒಬ್ಬರೂ ಲೈಕ್ ಒತ್ತದಿದ್ದರೆ, ಒಬ್ಬರೂ ಸಾಥ್ ಕೊಡದಿದ್ದರೆ ಬೈಯುವವನು ಬೇಸತ್ತು ಹೋಗಬಹುದು, ಒಪ್ಪುತ್ತೇನೆ. ಸಾವಿರಾರು ಜನರಿರುವ ಗುಂಪಿನಲ್ಲಿ ಹಾಗೆ ಎಂದಾದರೂ ಆಗಿದೆಯೇ? ಬೈಸಿಕೊಂಡವರೊಬ್ಬರು ಸುಮ್ಮನಿದ್ದು ಮಿಕ್ಕವರೆಲ್ಲ ಗದ್ದಲ ಮಾಡುತ್ತಿದ್ದರೆ ಅದಕ್ಕೆ ಅಲಕ್ಷ್ಯ ಎನ್ನಲಾಗದು. ಕೆಳಮುಖ ಹೆಬ್ಬೆರಳಿನ ಸೋಲು ಕೂಡ ನನ್ನ ವಾದಕ್ಕೇ ಪುಷ್ಟಿ ಕೊಡುತ್ತದೆ. ಹೆಬ್ಬೆರಳು ಏನನ್ನೂ ವಿವರಿಸುವುದಿಲ್ಲ, ನಿನ್ನ ಅಭಿಪ್ರಾಯ ತಪ್ಪೋ ನಿನ್ನ ನಡತೆ ತಪ್ಪೋ ಎಂದು ಹೇಳುವುದಿಲ್ಲ, ಏನನ್ನೂ ತಡೆಯುವುದಿಲ್ಲ. ನಾನು ಕೇಳುತ್ತಿರುವುದು ಬೇರೆ. ನೊಂದವರು ತಿರುಗಿ ಬೈಯಲಿ ಎಂದಲ್ಲ, ಜನ ಗುಂಪುಗೂಡಿ ಬೈದವನ ಮೇಲೆ ಮುಗಿಬೀಳಲಿ ಎಂದೂ ಅಲ್ಲ. ಗುಂಪನ್ನು ನಡೆಸುವವರು ನಡುವೆ ಬಂದು, ಯಾವುದು ತಪ್ಪು ಎಂದು ಹೆಸರಿಟ್ಟು ಹೇಳಿ, ಅದನ್ನು ತೆಗೆಯಬೇಕು. ನೋಡುತ್ತಿರುವವರು ಅದಕ್ಕೆ ಎಲ್ಲರೆದುರು ದನಿಗೂಡಿಸಬೇಕು.

ಹಾಗೆ ಮಾಡಿದರೆ ಜನ ಹೆದರಿ ಬರೆಯುವುದನ್ನೇ ನಿಲ್ಲಿಸುತ್ತಾರೆ, ಗುಂಪು ಸಾಯುತ್ತದೆ ಎಂದು ಅಡ್ಮಿನ್‌ಗಳು ಹೇಳುವುದುಂಟು. ನಡೆದದ್ದು ಇದಕ್ಕೆ ತಿರುವುಮುರುವು. ರೆಡಿಟ್ ಎಂಬ ಚರ್ಚಾತಾಣದಲ್ಲಿ ವಿಜ್ಞಾನದ ಚರ್ಚೆಗೆಂದೇ ಇರುವ, ಕೋಟಿಗೂ ಮೀರಿ ಚಂದಾದಾರರಿರುವ ವೇದಿಕೆಯಲ್ಲಿ ನೇಥನ್ ಮಟಾಯಸ್ ಎಂಬ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಕೆಲವು ಚರ್ಚೆಗಳ ತಲೆಯ ಮೇಲೆ ಇಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬ ನಿಯಮವನ್ನು ಎದ್ದು ಕಾಣುವಂತೆ ಹಾಕಿದರು, ಕೆಲವಕ್ಕೆ ಹಾಕಲಿಲ್ಲ. 2019ರಲ್ಲಿ ಬಂದ ಫಲಿತಾಂಶ: ನಿಯಮ ಕಂಡಲ್ಲಿ ಹೊಸಬರು ಅದಕ್ಕೆ ತಕ್ಕಂತೆ ನಡೆಯುವ ಪ್ರಮಾಣ 8 ಶೇಕಡಾ ಅಂಶದಷ್ಟು ಏರಿತು, ಬರೆಯಲು ಮುಂದೆ ಬಂದ ಹೊಸಬರು ಸರಾಸರಿ 70 ಶೇಕಡಾ ಹೆಚ್ಚಾದರು. ಮೊದಲನೆಯ ಅಂಕಿ ಊಹಿಸಬಹುದಾದದ್ದು. ಎರಡನೆಯದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅಷ್ಟು ಜನ ಬಾಗಿಲ ಹೊರಗೆ ನಿಂತು ನೋಡುತ್ತಿದ್ದರು. ಇಲ್ಲಿ ನಮ್ಮನ್ನು ಯಾರಾದರೂ ಬೈದರೆ ಕೇಳುವವರು ಇದ್ದಾರೆ ಎಂದು ಗೊತ್ತಾದ ಮೇಲೆ ಒಳಗೆ ಬಂದರು. ನಮ್ಮ ಗುಂಪುಗಳ ಹೊರಗೆ ಹಾಗೆ ನಿಂತಿರುವ ಕನ್ನಡಿಗರು, ಅದರಲ್ಲೂ ಕನ್ನಡತಿಯರು, ಎಷ್ಟು ಮಂದಿಯೋ!

ಬೈದವರನ್ನು ಹೊರಹಾಕಿದರೆ ಇನ್ನೊಂದು ಕಡೆ ಹೋಗಿ ಅದನ್ನೇ ಮಾಡುತ್ತಾರೆ ಎಂಬ ಮಾತಿಗೂ ಉತ್ತರವಿದೆ. 2015ರಲ್ಲಿ ರೆಡಿಟ್ ದಪ್ಪ ಮೈಯವರನ್ನೂ ಕರಿಯ ಜನರನ್ನೂ ಹೀಯಾಳಿಸಲೆಂದೇ ಇದ್ದ ಕೆಲವು ವೇದಿಕೆಗಳನ್ನು ಮುಚ್ಚಿತು. ಜಾರ್ಜಿಯಾ ಟೆಕ್‌ ಸಂಶೋಧಕರು ಆಮೇಲೆ ಲೆಕ್ಕ ಹಾಕಿದಾಗ, ಅಲ್ಲಿದ್ದವರಲ್ಲಿ ಅನೇಕರು ರೆಡಿಟ್ಟನ್ನೇ ಬಿಟ್ಟಿದ್ದರು. ಉಳಿದವರ ದ್ವೇಷದ ಮಾತು ಕನಿಷ್ಠ 80 ಶೇಕಡಾ ಇಳಿದಿತ್ತು. ಅವರು ಹೋಗಿ ಸೇರಿಕೊಂಡ ಬೇರೆ ವೇದಿಕೆಗಳು ಅದರಿಂದ ಕೆಡಲಿಲ್ಲ. ಜಾಗದ ರೀತಿ ಬದಲಾದರೆ ಮಾತಿನ ರೀತಿಯೂ ಬದಲಾಗುತ್ತದೆ.

ಇನ್ನು ಕಟುಮಾತಿನ ಪರಂಪರೆಯವರು. ಕನ್ನಡದ ವಿಮರ್ಶೆ ಎಂದೂ ಮೆತ್ತಗಿರಲಿಲ್ಲ, ನವ್ಯದ ಕಾಲದ ಜಗಳಗಳೇನು ಕಡಿಮೆಯೇ, 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಯಾರಿಗೆ ತಾನೆ ಮುಲಾಜು ತೋರಿಸಿತು, ಈಗೇನು ಎಲ್ಲರೂ ಹೂವು ಎರಚಬೇಕೇ ಎನ್ನುತ್ತಾರೆ. ಖಂಡಿತ ಬೇಡ. ಕಟುವಾದ ವಿಮರ್ಶೆ ನನಗೂ ಇಷ್ಟ, ಈ ಬರಹವೇ ಜಗಳ ಕಾಯಲು ಹೊರಟದ್ದು. ಆದರೆ ಕಾದಂಬರಿಯ ಸ್ತ್ರೀಪಾತ್ರಗಳ ಬಗ್ಗೆ ಟೀಚರ್ ತಪ್ಪು ಓದಿದ್ದಾರೆ ಎಂದು ಪುಟಪುಟ ತೆರೆದು ತೋರಿಸುವುದಕ್ಕೂ ಅವರ ಹಣೆಯ ಕುಂಕುಮ ಹುಡುಕುವುದಕ್ಕೂ ಏನು ಸಂಬಂಧ? ಮೊದಲನೆಯದನ್ನು ಮಾಡಲಾರದವರು ಎರಡನೆಯದಕ್ಕೆ ಇಳಿಯುತ್ತಾರೆ. ಅವರನ್ನು ತಡೆಯದೆ ಬಿಟ್ಟಲ್ಲಿ ಮೊದಲನೆಯದನ್ನು ಮಾಡಬಲ್ಲವರು ಬರೆಯುವುದನ್ನು ಬಿಡುತ್ತಾರೆ. ಕಟುವಿಮರ್ಶೆಯನ್ನು ಕೊಲ್ಲುತ್ತಿರುವುದು ಈ ಬೈಗುಳ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ತಯಾರಿಸುವವರ ಲೋಕದಲ್ಲೂ ಇದೇ ಸಮರ್ಥನೆ ಬಹುಕಾಲ ನಡೆಯಿತು. ಅದನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್, ಕೋಡ್ ಕೆಟ್ಟದ್ದಿದ್ದರೆ ಬರೆದವರ ಮರ್ಯಾದೆ ತೆಗೆದು ಮೇಲ್ ಕಳಿಸುತ್ತಿದ್ದರು, ಅದೇ ಗುಣಮಟ್ಟದ ಗುಟ್ಟು ಎಂದು ನಂಬಿದವರು ಬಹಳ. ಅಂಥ ಮಾತಿನ ವಿರುದ್ಧ 2013ರಲ್ಲೇ ಬಹಿರಂಗವಾಗಿ ಪ್ರತಿಭಟಿಸಿದ್ದ, ಯುಎಸ್‌ಬಿ 3.0 ಭಾಗದ ಹೊಣೆ ಹೊತ್ತಿದ್ದ ಡೆವಲಪರ್ ಒಬ್ಬರು 2015ರಲ್ಲಿ ಆ ಕೆಲಸವನ್ನೇ ಬಿಟ್ಟು ಹೋದದ್ದನ್ನು ಜಗಜ್ಜಾಹೀರು ಮಾಡಿದರು. 2018ರ ಸೆಪ್ಟೆಂಬರಿನಲ್ಲಿ ಟೊರ್ವಾಲ್ಡ್ಸ್ ತಮ್ಮ ವರ್ತನೆಗೆ ಕ್ಷಮೆ ಕೇಳಿ ಕೆಲಕಾಲ ದೂರ ನಿಂತರು, ಯೋಜನೆಗೆ ನಡವಳಿಕೆಯ ಸಂಹಿತೆ ಬಂತು. ಮರುತಿಂಗಳು ಅವರು ಮರಳಿದರು. ಲಿನಕ್ಸ್ ಕುಸಿಯಲಿಲ್ಲ. ಹೋದ ಡೆವಲಪರ್ ವಾಪಸಾಗಲಿಲ್ಲ ಎಂಬುದೊಂದೇ ಸರಿಪಡಿಸಲಾಗದೆ ಉಳಿದದ್ದು.

ಹೀಗೆ ಹೋಗುವವರು ಯಾರು ಎಂಬುದೂ ಆಕಸ್ಮಿಕವಲ್ಲ. 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ 95 ಭಾರತೀಯ ರಾಜಕಾರಣಿ ಮಹಿಳೆಯರನ್ನು ಹೆಸರಿಸಿದ ಟ್ವೀಟುಗಳನ್ನು ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಪರಿಶೀಲಿಸಿತು. 13.8 ಶೇಕಡಾ, ಅಂದರೆ ಸುಮಾರು ಏಳಕ್ಕೊಂದು, ನಿಂದನೆಯದ್ದೋ ಆಕ್ಷೇಪಾರ್ಹವೋ ಆಗಿತ್ತು. ಇವರೆಲ್ಲ ಹಿಂದೆ ಪಕ್ಷವಿರುವ, ಪೊಲೀಸರು ಫೋನ್ ಎತ್ತುವ ಹೆಂಗಸರು. 2025ರ ಜುಲೈಯಲ್ಲಿ ನಟಿ, ಮಾಜಿ ಸಂಸದೆ ರಮ್ಯಾ ಕೊಲೆ ಪ್ರಕರಣವೊಂದರ ಸುಪ್ರೀಂ ಕೋರ್ಟ್ ವಿಚಾರಣೆಯ ಬಗ್ಗೆ ಒಂದು ಮಾತು ಹಾಕಿದ್ದಕ್ಕೆ, ಆರೋಪಿ ನಟನ ಅಭಿಮಾನಿಗಳೆಂದು ಹೇಳಿಕೊಂಡವರಿಂದ ಅತ್ಯಾಚಾರದ ಬೆದರಿಕೆಯವರೆಗೆ ಸಂದೇಶಗಳು ಹರಿದುಬಂದವು. ಆಕೆ ಸುಮ್ಮನಿರಲಿಲ್ಲ. 43 ಖಾತೆಗಳ ಪಟ್ಟಿ ಹಿಡಿದು ಬೆಂಗಳೂರಿನ ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು, ಹಲವರ ಬಂಧನವಾಯಿತು. ಇಷ್ಟಾದ ಮೇಲೂ ನಮ್ಮ ಜನ ಆಡಿದ ಮಾತು ನೆನಪಿದೆಯೇ? ಇವರಿಗೆ ಯಾಕೆ ಬೇಕಿತ್ತು ಉಸಾಬರಿ, ಸುಮ್ಮನಿರಬಹುದಿತ್ತಲ್ಲ ಎಂದರು.

ಬೆದರಿಕೆ ಬಂದಾಗ, ಶಾಲೆಯ ವಿಳಾಸ ಹೊರಬಿದ್ದಾಗ ಪೊಲೀಸರ ಬಳಿ ಹೋಗಲೇಬೇಕು. ಆದರೆ ಎಲ್ಲದಕ್ಕೂ ಕಾನೂನು ಕಾಯುತ್ತಾ ಕೂರಲಾಗದು, ಕೂರಲೂಬಾರದು. ಐಟಿ ಕಾಯ್ದೆಯ 66ಎ ಕಲಮು ಮನಸ್ಸಿಗೆ ಬಂದವರನ್ನೆಲ್ಲ ಒಳಗೆ ಹಾಕುವ ಸಾಧನವಾಗಿತ್ತು, 2015ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು ಒಳ್ಳೆಯದೇ ಆಯಿತು. 2021ರಲ್ಲಿ ಬಂದ ನಿಯಮಗಳು ಜಾಲತಾಣ ಕಂಪನಿಯ ದೂರು ಅಧಿಕಾರಿ ನಮ್ಮ ದೂರನ್ನು 24 ಗಂಟೆಯೊಳಗೆ ಸ್ವೀಕರಿಸಿ 15 ದಿನದೊಳಗೆ ತೀರ್ಮಾನ ಮಾಡಬೇಕು ಎಂದಿದ್ದವು. ನಮ್ಮ ಟೀಚರ್ ಗುಂಪು ಬಿಡಲು ಒಂದು ರಾತ್ರಿ ಸಾಕಾಯಿತು. ಕಂಪನಿಯ ಯಂತ್ರಗಳನ್ನು ನೆಚ್ಚೋಣವೆಂದರೆ, 2021ರಲ್ಲಿ ಫೇಸ್‌ಬುಕ್ಕಿನ ಒಳದಾಖಲೆಗಳು ಹೊರಬಿದ್ದಾಗ ತಿಳಿದದ್ದು ಭಾರತದ 22 ಮಾನ್ಯ ಭಾಷೆಗಳಲ್ಲಿ ಐದಕ್ಕೆ ಮಾತ್ರ ಅವುಗಳನ್ನು ತರಬೇತುಗೊಳಿಸಲಾಗಿತ್ತು ಎಂದು. ತರಬೇತಿ ಕೊಟ್ಟರೂ ಅಷ್ಟೇ. "ಒತ್ತಕ್ಷರ ಹಾಕೋದು ಕಲಿ" ಎಂಬುದರಲ್ಲಿ ಒಂದೇ ಒಂದು ಕೆಟ್ಟ ಪದವಿಲ್ಲ. ಅಪರಿಚಿತ ಹೆಂಗಸೊಬ್ಬರನ್ನು ನೆರೆದವರ ಎದುರು ಏಕವಚನದಲ್ಲಿ ಮಾತಾಡಿಸಿದ್ದು ಏಟು ಎಂದು ಕನ್ನಡ ಬಲ್ಲ ಮನುಷ್ಯರಿಗೆ ಓದಿದ ಕ್ಷಣ ಗೊತ್ತಾಗುತ್ತದೆ. ಆ ಮನುಷ್ಯರು ಅಲ್ಲಿಯೇ ಇದ್ದರು.

ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆಗೆ ಕೂತವರಿಗೆ ನಾನು ಹೇಳುತ್ತಿರುವುದು ಬೇಗ ಅರ್ಥವಾದೀತು. ರಾಮನೂ ವಾಲಿಯೂ ಎದುರುಬದುರು ಕೂತು ತಾಸುಗಟ್ಟಲೆ ವಾದಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯ ಎದುರು ಕೂರುವುದು ಸುಲಭದ ಮಾತಾಗಿರಲಿಲ್ಲ. ಒಬ್ಬರ ತರ್ಕವನ್ನು ಇನ್ನೊಬ್ಬರು ಸೀಳಿ ಹಾಕುತ್ತಾರೆ, ಯಾರೂ ಅದನ್ನು ಅಸಭ್ಯ ಎನ್ನುವುದಿಲ್ಲ. ಆದರೆ ಮಾತು ಪ್ರಸಂಗ ಬಿಟ್ಟು ಎದುರಿನ ಕಲಾವಿದನ ಮೈಮೇಲೆ ಬಂತು ಎಂದು ಕಂಡರೆ ಹಾಡು ನಡೆಸುವ ಭಾಗವತರು ಕಾಯುವುದಿಲ್ಲ. ಜಾಗಟೆ ತಟ್ಟಿ ಮುಂದಿನ ಪದ ಎತ್ತಿಕೊಳ್ಳುತ್ತಾರೆ, ಮಾತು ಅಲ್ಲಿಗೆ ತುಂಡಾಗುತ್ತದೆ. ಅರ್ಥಧಾರಿ ಎಷ್ಟೇ ದೊಡ್ಡವರಿರಲಿ, ಪದ ಎದ್ದ ಮೇಲೆ ಸುಮ್ಮನಾಗಲೇಬೇಕು. ಅಷ್ಟು ಬಿರುಸಾದ ವಾದ ಅಲ್ಲಿ ಸಾಧ್ಯವಾಗುವುದು ಆ ಜಾಗಟೆಯ ಭರವಸೆಯಿಂದ. ಭಾಗವತರೇ ಎದ್ದುಹೋಗಿ, ಬೈಸಿಕೊಂಡ ಕಲಾವಿದನ ಕಿವಿಯಲ್ಲಿ ಸುಮ್ಮನಿರಿ ಸ್ವಾಮಿ ಎಂದು ಪಿಸುಗುಟ್ಟುವ ಕೂಟವನ್ನು ಯಾರೂ ಒಪ್ಪುವುದಿಲ್ಲ. ನಮ್ಮ ಆನ್‌ಲೈನ್ ಗುಂಪುಗಳಲ್ಲಿ ಮಾತ್ರ ಅದನ್ನೇ ಪ್ರೌಢಿಮೆ ಎಂದುಕೊಂಡಿದ್ದೇವೆ.

ಅಡ್ಮಿನ್‌ಗಳ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಸಂಬಳವಿಲ್ಲ, ಹಗಲು ಬೇರೆ ಕೆಲಸ, ಎರಡೂ ಕಡೆಯಿಂದ ಬೈಗುಳ. ಕೆಲವರಿಗೆ ಕೇಸಿನ ಭಯ. ಯಾರೋ ಸದಸ್ಯ ಬರೆದ ಮಾತ್ರಕ್ಕೆ ವಾಟ್ಸಾಪ್ ಗುಂಪಿನ ಅಡ್ಮಿನ್ ಅಪರಾಧಿಯಾಗುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ 2022ರಲ್ಲಿ ಕೇರಳ ಹೈಕೋರ್ಟೂ ಹೇಳಿವೆ. ಆ ಭಯ ಕಳೆದ ಮೇಲೆ ಉಳಿಯುವುದು ಮನಸ್ಸಿನ ಪ್ರಶ್ನೆ. ಸಾಧನಗಳಿಗೆ ಕೊರತೆಯಿಲ್ಲ. ಯಾರ ಸಂದೇಶವನ್ನಾದರೂ ಎಲ್ಲರ ಮೊಬೈಲಿನಿಂದ ಅಳಿಸುವ ಅನುಕೂಲ ವಾಟ್ಸಾಪ್ ಅಡ್ಮಿನ್‌ಗಳಿಗೆ 2022ರಿಂದ ಇದೆ. ಫೇಸ್‌ಬುಕ್ ಗುಂಪಿನಲ್ಲಿ ಒಬ್ಬರನ್ನು ಕೆಲ ದಿನ ಬರೆಯದಂತೆ ತಡೆಹಿಡಿಯಬಹುದು, ಹೊರಹಾಕಲೇಬೇಕೆಂದಿಲ್ಲ. ಹೊತ್ತು ಸಾಲದಿದ್ದರೆ ಬೇರೆ ಬೇರೆ ಹೊತ್ತಿಗೆ ಎಚ್ಚರವಿರುವ ನಾಲ್ಕು ಜನರನ್ನು ಜೊತೆಗಿಟ್ಟುಕೊಳ್ಳಬಹುದು. ಅವರಲ್ಲಿ ಹೆಂಗಸರಿರಲಿ, ಬೇರೆ ಬೇರೆ ಸಮುದಾಯದವರಿರಲಿ. ಯಾವ ಮಾತು ಎಲ್ಲಿ ಚುಚ್ಚುತ್ತದೆ ಎಂಬುದು ಚುಚ್ಚಿಸಿಕೊಂಡು ಬೆಳೆದವರಿಗೆ ಬೇಗ ಕಾಣುತ್ತದೆ.

ಮೂರನೆಯ ಕಾಮೆಂಟು ಬಂದ ಹೊತ್ತಿನಲ್ಲಿ ಅಡ್ಮಿನ್ ಬರೆಯಬೇಕಾಗಿದ್ದದ್ದು ಇಷ್ಟೇ: "ಕಾದಂಬರಿಯ ಬಗ್ಗೆ ಎಷ್ಟು ಖಾರವಾಗಿ ಬೇಕಾದರೂ ವಾದಿಸಿ. ಬರೆದವರನ್ನು ಏಕವಚನದಲ್ಲಿ ಕರೆದು ಅವರ ಯೋಗ್ಯತೆ ಕೇಳಿದ ಕಾಮೆಂಟನ್ನು ತೆಗೆದಿದ್ದೇವೆ. ಅದನ್ನು ಹಾಕಿದವರಿಗೆ ಹದಿನೈದು ದಿನ ಇಲ್ಲಿ ಬರೆಯಲಾಗುವುದಿಲ್ಲ. ಮೂಲ ಬರಹ ಇಲ್ಲೇ ಇರುತ್ತದೆ." ಇದನ್ನು ಅದೇ ಚರ್ಚೆಯ ಕೆಳಗೆ, ಎಲ್ಲರಿಗೂ ಕಾಣುವಂತೆ ಹಾಕಬೇಕು. ಖಾಸಗಿಯಾಗಿ ಎಚ್ಚರಿಸಿದರೆ ಬೈದವನಿಗೆ ಮಾತ್ರ ತಿಳಿಯುತ್ತದೆ, ನೋಡುತ್ತಿರುವ ನೂರಾರು ಜನಕ್ಕೆ ಏನೂ ಆಗಿಲ್ಲವೆಂದೇ ಅನ್ನಿಸುತ್ತದೆ. ಅದರ ಕೆಳಗೆ ಸದಸ್ಯರು ಹತ್ತು ಮಂದಿ "ಸರಿಯಾಗಿ ಮಾಡಿದಿರಿ, ಮೇಡಂ ನೀವು ಮುಂದುವರಿಸಿ" ಎಂದು ಬರೆಯಬೇಕು. ಟೀಚರಿಗೆ ಖಾಸಗಿಯಾಗಿ ಸಮಾಧಾನ ಹೇಳಿದ ಅಷ್ಟೂ ಜನ ಇದನ್ನು ಅಲ್ಲೇ ಬರೆದಿದ್ದರೆ ಆ ರಾತ್ರಿ ಬೇರೆ ಥರ ಮುಗಿಯುತ್ತಿತ್ತು.

ಹದಿನೈದು ದಿನದ ಮೇಲೆ ಆ ಮನುಷ್ಯ ಬರಲಿ, ಬಾಗಿಲು ತೆಗೆದಿರಲಿ. ಕೆಟ್ಟ ದಿನವೊಂದರಲ್ಲಿ ಯಾರ ಬಾಯಿಯೂ ಜಾರಬಹುದು ಎಂದು ಸ್ಟ್ಯಾನ್‌ಫರ್ಡ್-ಕಾರ್ನೆಲ್ ಪ್ರಯೋಗವೇ ತೋರಿಸಿಕೊಟ್ಟಿದೆಯಲ್ಲ. ಬಂದವನು ಅಡ್ಮಿನ್‌ಗೆ ಇನ್‌ಬಾಕ್ಸಿನಲ್ಲಿ ಸಾರಿ ಹೇಳಿ ಮುಗಿಸುವಂತಿಲ್ಲ. ಟೀಚರನ್ನು ಹೆಸರಿಟ್ಟು, ಬಹುವಚನದಲ್ಲಿ, ಬೈದ ಜಾಗದಲ್ಲೇ ಕೇಳಬೇಕು. ಕ್ಷಮಿಸುವುದೋ ಬಿಡುವುದೋ ಟೀಚರಿಗೆ ಬಿಟ್ಟದ್ದು. ದೊಡ್ಡ ಮನಸ್ಸು ಮಾಡಿ ಮೇಡಂ ಎಂದು ಆಗ ಯಾರೂ ಅವರಿಗೆ ಮೆಸೇಜು ಕಳಿಸಕೂಡದು.